ಹಳಿ ಮುಗಿಯುವ ಕಡೆ

(ಮಂಡ್ಯದಲ್ಲಿ, ದಿನಾ ರೈಲಿನಲ್ಲಿ ಓಡಾಡುವವರ ಮುಂದೆ ನಿವೃತ್ತ ಲೋಕೋ ಪೈಲಟ್ ಒಬ್ಬರು ಆಡಿದ ಮಾತುಗಳ ಬರಹ ರೂಪ.)

ನಿಮ್ಮಲ್ಲಿ ಬೆಂಗಳೂರಿಗೆ ದಿನಾ ಹೋಗಿಬರುವವರು ಎಷ್ಟು ಜನ? ಕೈ ಎತ್ತಿ. ಸರಿ, ಮುಕ್ಕಾಲು ಪಾಲು ಇದ್ದೀರಿ. ಈಗ ಇನ್ನೊಂದು ಕೇಳುತ್ತೇನೆ. ಕೆಂಗೇರಿ ದಾಟಿದ ಮೇಲೆ ನೀವು ಏನು ಮಾಡುತ್ತೀರಿ?

ನಾನೇ ಹೇಳುತ್ತೇನೆ. ಮೇಲಿನಿಂದ ಬ್ಯಾಗ್ ಇಳಿಯುತ್ತದೆ. ಟಿಫಿನ್ ಡಬ್ಬಿ ಒಳಗೆ ಹೋಗುತ್ತದೆ. ನಾಯಂಡಹಳ್ಳಿ ಬರುವಷ್ಟರಲ್ಲಿ ಅರ್ಧ ಬೋಗಿ ಬಾಗಿಲ ಹತ್ತಿರ. ಗಾಡಿ ಇನ್ನೂ ಓಡುತ್ತಲೇ ಇದೆ, ನಿಮ್ಮ ತಲೆಯಲ್ಲಿ ಮಾತ್ರ ಪ್ರಯಾಣ ಮುಗಿದುಹೋಗಿದೆ. ಮೆಟ್ರೋ ಹಿಡಿಯಬೇಕು, ಆಫೀಸಿನಲ್ಲಿ ಬೆರಳು ಒತ್ತಬೇಕು, ಅದೇ ಯೋಚನೆ. ಬೈಯುವುದಕ್ಕೆ ಹೇಳುತ್ತಿಲ್ಲ. ಇಂಜಿನ್‌ನಲ್ಲಿ ಕೂತ ನಮಗೂ ಹಾಗೇ ಆಗುತ್ತದೆ. ಅದನ್ನು ಹೇಳೋಣ ಅಂತಲೇ ಬಂದೆ.

ಅಮೆರಿಕದ ನ್ಯೂಜೆರ್ಸಿಯಲ್ಲಿ ಹೊಬೊಕೆನ್ ಅಂತ ಒಂದು ಊರಿದೆ. ಹಡ್ಸನ್ ನದಿಯ ಈಚೆ ದಡದಲ್ಲಿ ಹೊಬೊಕೆನ್, ಆಚೆ ದಡದಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಾಟನ್. ಸುತ್ತಲಿನ ಊರುಗಳಿಂದ ಬೆಳಿಗ್ಗೆ ಲೋಕಲ್ ಗಾಡಿಗಳು ಹೊಬೊಕೆನ್‌ಗೆ ಬಂದು ನಿಲ್ಲುತ್ತವೆ. ಅಲ್ಲಿಂದ ಜನ ಸುರಂಗದ ರೈಲೋ ದೋಣಿಯೋ ಹಿಡಿದು ಕೆಲಸಕ್ಕೆ ಹೋಗುತ್ತಾರೆ. 1907ರಲ್ಲಿ ಕಟ್ಟಿದ ಸ್ಟೇಷನ್. ನಮ್ಮ ಮಂಡ್ಯದವರಿಗೆ ಮೆಜೆಸ್ಟಿಕ್ ಹೇಗೋ, ಆ ಕಡೆಯವರಿಗೆ ಹೊಬೊಕೆನ್ ಹಾಗೆ. ಒಂದೇ ವ್ಯತ್ಯಾಸ. ಅಲ್ಲಿ ಹಳಿ ಮುಂದಕ್ಕೆ ಹೋಗುವುದಿಲ್ಲ. ಹಳಿಯ ತುದಿಯಲ್ಲಿ ಗಾಡಿಯನ್ನು ತಡೆಯುವ ಒಂದು ಬಫರ್, ಅದರ ಹಿಂದೆ ಜನ ಓಡಾಡುವ ಹಜಾರ.

2016ರ ಸೆಪ್ಟೆಂಬರ್ 29, ಗುರುವಾರ. ಬೆಳಿಗ್ಗೆ ಎಂಟೂವರೆ ದಾಟಿತ್ತು. ಸ್ಪ್ರಿಂಗ್ ವ್ಯಾಲಿ ಅನ್ನುವ ಊರಿನಿಂದ ಹೊರಟ 1614 ನಂಬರಿನ ಗಾಡಿ ಐದನೇ ಲೈನಿಗೆ ಬರುತ್ತಿದೆ. ನಾಲ್ಕು ಬೋಗಿ, ತುಂಬ ಜನ. ಅಲ್ಲಿ ಗಂಟೆಗೆ ಹತ್ತು ಮೈಲಿಗಿಂತ, ಅಂದರೆ ಸುಮಾರು 16 ಕಿಲೋಮೀಟರಿಗಿಂತ ಜಾಸ್ತಿ ಹೋಗುವ ಹಾಗಿಲ್ಲ. ಮೊದಲು ಗಾಡಿ ಸರಿಯಾಗೇ ಬಂತು. 13 ಕಿಲೋಮೀಟರ್ ವೇಗಕ್ಕೂ ಇಳಿದಿತ್ತು. ಡಿಕ್ಕಿಗೆ 38 ಸೆಕೆಂಡು ಮುಂಚೆ ಥ್ರಾಟಲ್, ಅಂದರೆ ವೇಗ ಕೂಡಿಸುವ ಹಿಡಿ, ಸೊನ್ನೆಯಿಂದ ನಾಲ್ಕನೇ ನಾಚ್‌ಗೆ ಹೋಯಿತು. ಪ್ಲಾಟ್‌ಫಾರ್ಮ್ ಒಳಗೆ ಬರುತ್ತಿರುವ ಗಾಡಿ ಸ್ಪೀಡ್ ತಗೊಂಡಿತು! ಬಫರ್‌ಗೆ ಬಡಿದಾಗ 34 ಕಿಲೋಮೀಟರ್. ಎಮರ್ಜೆನ್ಸಿ ಬ್ರೇಕ್ ಬಿದ್ದದ್ದು ಡಿಕ್ಕಿಗೆ ಒಂದು ಸೆಕೆಂಡೂ ಉಳಿದಿಲ್ಲದಾಗ. ಗಾಡಿ ಬಫರ್ ಹಾರಿ ಹಜಾರಕ್ಕೆ ನುಗ್ಗಿತು, ಮೇಲಿನ ಚಾವಣಿ ಕುಸಿಯಿತು. ನೂರಕ್ಕೂ ಹೆಚ್ಚು ಜನರಿಗೆ ಗಾಯ. ಸತ್ತದ್ದು ಒಬ್ಬರು. ಆಕೆ ಆ ಗಾಡಿಯಲ್ಲಿ ಇರಲೇ ಇಲ್ಲ. ಹಜಾರದಲ್ಲಿದ್ದ ಹೆಂಗಸಿನ ಮೇಲೆ ಅವಶೇಷ ಬಿತ್ತು.

34 ಕಿಲೋಮೀಟರ್ ಅಂದರೆ ಏನು ಮಹಾ, ನಮ್ಮ ಹುಡುಗರು ಬೈಕಿನಲ್ಲಿ ಗಲ್ಲಿಯೊಳಗೇ ಅದಕ್ಕಿಂತ ಜೋರಾಗಿ ಹೋಗುತ್ತಾರೆ ಅಂತೀರಿ. ನೀವು ಮಂಡ್ಯದವರು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರ್ ಎರಡು ಟ್ರೈಲರ್ ಕಟ್ಟಿಕೊಂಡು ಇಳಿಜಾರಿನಲ್ಲಿ ಫ್ಯಾಕ್ಟರಿ ಕಡೆ ಬರುವುದನ್ನು ನೋಡಿದ್ದೀರಿ. ಮುಂದೆ ಬ್ರೇಕ್ ಹಾಕಿದರೆ ಹಿಂದಿನದು ಸುಮ್ನೆ ಇರುತ್ತದಾ? ತಳ್ಳಿಕೊಂಡು ಬರುತ್ತದೆ. ಹೊಬೊಕೆನ್ ಗಾಡಿಯಲ್ಲಿ ಇಂಜಿನ್ ಇದ್ದದ್ದೇ ಹಿಂದೆ. ಮುಂದಿನ ಬೋಗಿಯ ಕ್ಯಾಬಿನ್‌ನಲ್ಲಿ ಕೂತು ಓಡಿಸುವ ವ್ಯವಸ್ಥೆ. ಹಿಂದಿನಿಂದ ಒಂದು ಇಂಜಿನ್ ಭಾರ ನೂಕುತ್ತಿದೆ. ಅದರ ಮೇಲೆ, ವೇಗ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟಾಗುತ್ತದೆ. 16ಕ್ಕೂ 34ಕ್ಕೂ ಲೆಕ್ಕ ಹಾಕಿ ನೋಡಿ, ನಾಲ್ಕೂವರೆ ಪಟ್ಟು ಬರುತ್ತದೆ.

ಆ ಡ್ರೈವರ್‌ಗೆ 48 ವರ್ಷ. ತನಿಖೆಯವರು ಕೇಳಿದಾಗ ಅವನು ಹೇಳಿದ್ದು ಇಷ್ಟು. ವಾಚ್ ನೋಡಿಕೊಂಡೆ, ಆರು ನಿಮಿಷ ಲೇಟಾಗಿತ್ತು. ಹಾರನ್ ಮಾಡಿದೆ, ಬೆಲ್ ಹೊಡೆದೆ. ಸ್ಪೀಡ್ ನೋಡಿದೆ, ಹತ್ತು ಮೈಲಿ ಇತ್ತು. ಆಮೇಲೆ ಕಣ್ಣು ಬಿಟ್ಟಾಗ ಕ್ಯಾಬಿನ್‌ನ ನೆಲದ ಮೇಲೆ ಬಿದ್ದಿದ್ದೆ. ಎರಡರ ಮಧ್ಯೆ ಏನಾಯಿತು? ಗೊತ್ತಿಲ್ಲ.

ಸುಳ್ಳು ಹೇಳುತ್ತಾನೆ ಅಂತ ಅನ್ನಿಸುತ್ತದೆ, ಅಲ್ವಾ? ಟೀವಿಯಲ್ಲಿ ಇದು ಬಂದಾಗ ನನ್ನ ಮಗನೂ ಹಾಗೇ ಅಂದ. 'ಅಪ್ಪಾ, ಫೋನ್ ನೋಡ್ತಿದ್ದ ಅನ್ಸುತ್ತೆ.' ಆ ವರ್ಷದ ಮೇನಲ್ಲಿ ನಾನು ರಿಟೈರ್ ಆಗಿದ್ದೆ. ಸೋಫಾದ ಮೇಲೆ ಕೂತವನು ಅವನಿಗೆ ಏನೂ ಉತ್ತರ ಕೊಡಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಹಳಿ ಮುಗಿಯುವ ಸ್ಟೇಷನ್‌ಗಳ ವಿಷಯ ಮುಗಿಸೋಣ. ನಮ್ಮ ಮೈಸೂರಿನಲ್ಲಿ ಗಾಡಿ ನಿಂತರೂ ಹಳಿ ಮುಂದಕ್ಕೆ ಹಾಸನದ ಕಡೆ, ಚಾಮರಾಜನಗರದ ಕಡೆ ಹೋಗುತ್ತದೆ. ಚಾಮರಾಜನಗರಕ್ಕೆ ಹೋದರೆ ಹಳಿ ಮುಗಿಯಿತು. ನಡುವಿನ ಸ್ಟೇಷನ್‌ಗಳಲ್ಲಿ, ಗಾಡಿಯನ್ನು ಪಕ್ಕಕ್ಕೆ ತಗೊಂಡು ನಿಲ್ಲಿಸುವ ಲೂಪ್ ಲೈನಿನ ಕೊನೆಗೆ ಹಳಿಯನ್ನು ಪಕ್ಕಕ್ಕೆ ತಿರುಗಿಸಿ ಮರಳಿನ ದಿಬ್ಬದೊಳಗೆ ಹೂತಿರುವುದನ್ನು ಕಿಟಕಿಯಿಂದ ನೋಡಿರಬಹುದು. ಸ್ಯಾಂಡ್ ಹಂಪ್ ಅಂತೀವಿ. ಗಾಡಿ ತಪ್ಪಿ ಮುಂದೆ ಬಂದರೆ ಮರಳಿನಲ್ಲಿ ಹೂತು ನಿಲ್ಲಲಿ ಅಂತ. ಚೆನ್ನಾದ ಏರ್ಪಾಡು. ಆದರೆ ದೊಡ್ಡ ಊರಿನ ನಡುಮಧ್ಯೆ, ಬಫರ್‌ನಿಂದ ನಾಲ್ಕು ಹೆಜ್ಜೆಗೆ ಟಿಕೆಟ್ ಕೌಂಟರ್, ಕಾಫಿ ಅಂಗಡಿ ಇರುವ ಕಡೆ ಮರಳು ಎಲ್ಲಿ ಸುರಿಯುತ್ತೀರಿ?

ಹಾಗಾಗಿ ಇಂಥ ಅಪಘಾತ ಹೊಸದೇನಲ್ಲ. 1895ರ ಅಕ್ಟೋಬರ್ 22ರಂದು ಪ್ಯಾರಿಸ್ಸಿನ ಮೊಂಪಾರ್ನಾಸ್ ಸ್ಟೇಷನ್‌ನಲ್ಲಿ ಎಕ್ಸ್‌ಪ್ರೆಸ್ ಗಾಡಿಯೊಂದು ಬಫರ್ ಮುರಿದು, ಹಜಾರ ದಾಟಿ, ಗೋಡೆ ಒಡೆದು ಕೆಳಗಿನ ರಸ್ತೆಗೆ ಮೂಗು ಕೆಳಗಾಗಿ ಬಿತ್ತು. ಆ ಫೋಟೋ ನೀವು ನೋಡಿರುತ್ತೀರಿ, ಗೋಡೆಯಿಂದ ಇಂಜಿನ್ ನೇತಾಡುತ್ತಿರುತ್ತದೆ. ಸತ್ತದ್ದು ಒಬ್ಬ ಹೆಂಗಸು. ರಸ್ತೆಯಲ್ಲಿ ಗಂಡನ ಪೇಪರ್ ವ್ಯಾಪಾರ ನೋಡಿಕೊಳ್ಳುತ್ತಿದ್ದಳು. ಗಂಡ ಸಂಜೆ ಪೇಪರ್ ತರಲು ಹೋಗಿದ್ದ. ಹೊಬೊಕೆನ್‌ನಲ್ಲೂ ಸತ್ತಾಕೆ ಗಾಡಿಯವಳಲ್ಲ, ಇಲ್ಲೂ ಅಲ್ಲ. 121 ವರ್ಷದ ಅಂತರ.

ಲಂಡನ್ನಿನ ಮೂರ್‌ಗೇಟ್ ಇನ್ನೂ ವಿಚಿತ್ರ. 1975ರ ಫೆಬ್ರವರಿ 28, ಬೆಳಗಿನ ಆಫೀಸ್ ಹೊತ್ತು. ನೆಲದಡಿಯ ರೈಲು ಬ್ರೇಕೇ ಹಾಕದೆ ಪ್ಲಾಟ್‌ಫಾರ್ಮ್ ದಾಟಿ ಸುರಂಗದ ಕೊನೆಯ ಗೋಡೆಗೆ ಗುದ್ದಿತು. 43 ಜನ ಸತ್ತರು. ಡ್ರೈವರ್ ನೆಟ್ಟಗೆ ಕೂತಿದ್ದ, ಮುಂದೆ ನೋಡುತ್ತಿದ್ದ ಅಂತ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದವರು ಹೇಳಿದರು. ಯಾಕೆ ಹಾಗೆ ಮಾಡಿದ ಅಂತ ಇವತ್ತಿಗೂ ತೀರ್ಮಾನವಾಗಿಲ್ಲ. ಅದಾದ ಮೇಲೆ ಅಲ್ಲಿನವರು ಒಂದು ಒಳ್ಳೆ ಕೆಲಸ ಮಾಡಿದರು. ಹಳಿ ಮುಗಿಯುವ ಕಡೆ ಗಾಡಿ ಜೋರಾಗಿ ಬಂದರೆ ತಾನಾಗೇ ಬ್ರೇಕ್ ಬೀಳುವ ಏರ್ಪಾಡು.

ಈಗ ನಿಮ್ಮ ವಿಷಯ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಓನ್ಸೆ ಅಂತ ಸ್ಟೇಷನ್. 2012ರ ಫೆಬ್ರವರಿ 22, ಮತ್ತೆ ಬೆಳಗಿನ ಎಂಟೂವರೆ. ಲೋಕಲ್ ಗಾಡಿ ಬಫರ್‌ಗೆ ಬಡಿಯಿತು, ಬರೀ 26 ಕಿಲೋಮೀಟರ್ ವೇಗದಲ್ಲಿ. ಹೊಬೊಕೆನ್‌ಗಿಂತ ಕಡಿಮೆ. ಆದರೆ 51 ಜನ ಸತ್ತರು, ಏಳುನೂರಕ್ಕೂ ಹೆಚ್ಚು ಜನರಿಗೆ ಗಾಯ. ಎರಡನೇ ಬೋಗಿ ಮೊದಲನೇ ಬೋಗಿಯೊಳಗೆ ಸುಮಾರು ಆರು ಮೀಟರ್ ತೂರಿತ್ತು. ಮೊದಲ ಎರಡು ಬೋಗಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಯಾಕೆ ಹೇಳಿ? ಇಳಿದ ತಕ್ಷಣ ಗೇಟ್ ಹತ್ತಿರ ಆಗುತ್ತದೆ ಅಂತ ಜನ ದಾರಿಯಲ್ಲೇ ಮುಂದಿನ ಬೋಗಿಗೆ ಬಂದು ಸೇರಿಕೊಳ್ಳುತ್ತಿದ್ದರು. ಯಾರು ನಗುತ್ತಿರುವುದು? ಮೆಟ್ಟಿಲಿಗೆ ಹತ್ತಿರದ ಬೋಗಿ ಯಾವುದು ಅಂತ ನಿಮಗೂ ಗೊತ್ತಿದೆ. ಮಂಡ್ಯ ಪ್ಲಾಟ್‌ಫಾರ್ಮಿನಲ್ಲಿ ಎಲ್ಲಿ ನಿಂತರೆ ಆ ಬೋಗಿಯ ಬಾಗಿಲೇ ಎದುರಿಗೆ ಬರುತ್ತದೆ ಅಂತಲೂ ಗೊತ್ತು. ಪಾಸಿನವರ ಲೆಕ್ಕಾಚಾರ ಎಲ್ಲ ದೇಶದಲ್ಲೂ ಒಂದೇ.

ಓನ್ಸೆ ಕೇಸಿನಲ್ಲಿ ಬ್ರೇಕಿನ ಸ್ಥಿತಿ, ಗಾಡಿಗಳ ಪಾಲನೆ, ದುಡ್ಡು ಎಲ್ಲಿ ಹೋಯಿತು ಎಂಬುದೆಲ್ಲ ಕೋರ್ಟಿಗೆ ಬಂತು. ಕಂಪನಿಯ ಮಾಲೀಕರಿಗೂ ಸಾರಿಗೆಯ ಹಳೇ ಅಧಿಕಾರಿಗಳಿಗೂ ಶಿಕ್ಷೆ ಆಯಿತು. ಡ್ರೈವರ್ ಒಬ್ಬನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲಿಲ್ಲ, ಅಷ್ಟರ ಮಟ್ಟಿಗೆ ಮೇಲು.

ನಮ್ಮಲ್ಲಿ? 2015ರ ಜೂನ್ 28ಕ್ಕೆ ಮುಂಬೈ ಚರ್ಚ್‌ಗೇಟ್‌ನಲ್ಲಿ ಲೋಕಲ್ ಒಂದು ಬಫರ್ ದಾಟಿ ಪ್ಲಾಟ್‌ಫಾರ್ಮ್ ಹತ್ತಿತು. ಭಾನುವಾರ ಆದ್ದರಿಂದ ಬಚಾವ್. ಬೆರಳೆಣಿಕೆಯ ಜನರಿಗೆ ಗಾಯ. 2023ರ ಸೆಪ್ಟೆಂಬರ್‌ನಲ್ಲಿ ಮಥುರಾದಲ್ಲಿ ಜನ ಇಳಿದು ಖಾಲಿಯಾಗಿದ್ದ ಗಾಡಿ ತಾನಾಗಿ ಹೊರಟು ಪ್ಲಾಟ್‌ಫಾರ್ಮ್ ಹತ್ತಿತು. ಕ್ಯಾಬಿನ್ನಿಗೆ ಬಂದ ಸಿಬ್ಬಂದಿ ಮೊಬೈಲ್ ನೋಡುತ್ತಾ ಬ್ಯಾಗನ್ನು ಥ್ರಾಟಲ್ ಮೇಲೆ ಇಟ್ಟಿದ್ದು ಕ್ಯಾಮೆರಾದಲ್ಲಿತ್ತು. ಅದರ ಬಗ್ಗೆ ಹೇಳಲು ಏನಿದೆ, ಬಿಡಿ.

ಹೊಬೊಕೆನ್‌ಗೆ ವಾಪಸ್ ಬರೋಣ. ಆ ಡ್ರೈವರ್‌ಗೆ ಅಪಘಾತದ ನಂತರ ನಿದ್ದೆಯ ಪರೀಕ್ಷೆ ಮಾಡಿದರು. ಸ್ಲೀಪ್ ಅಪ್ನಿಯಾ, ಅದೂ ಜೋರಾಗಿ. ಗಂಟಲಿನ ಸ್ನಾಯು ನಿದ್ದೆಯಲ್ಲಿ ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು ಉಸಿರೇ ಇಲ್ಲ. ಮೆದುಳು ಗಾಬರಿಯಾಗಿ ತಟ್ಟಿ ಎಬ್ಬಿಸುತ್ತದೆ. ಎದ್ದದ್ದು ನಮಗೆ ನೆನಪಿರುವುದಿಲ್ಲ. ಗಂಟೆಗೆ ಮೂವತ್ತು ಸಲಕ್ಕಿಂತ ಜಾಸ್ತಿಯಾದರೆ ತೀವ್ರ ಅನ್ನುತ್ತಾರೆ. ರಾತ್ರಿ ಎಂಟು ಗಂಟೆ ಮಲಗಿದರೂ ದೇಹಕ್ಕೆ ಅದು ನಿದ್ದೆಯೇ ಅಲ್ಲ. ಹಗಲು ಸಾಲ ತೀರಿಸಲು ಬರುತ್ತದೆ. ನೀವು ಕೂತ ಕಡೆ, ನಿಮ್ಮನ್ನು ಕೇಳದೆ.

ಅವನು ಆ ಜುಲೈನಲ್ಲಷ್ಟೇ ಮೆಡಿಕಲ್ ಪಾಸ್ ಮಾಡಿದ್ದ, ಡ್ಯೂಟಿಗೆ ಫಿಟ್ ಅಂತ. ಹೊಬೊಕೆನ್ ಆಗಿ ಮೂರು ತಿಂಗಳು ದಾಟುತ್ತಲೇ, 2017ರ ಜನವರಿ 4ರಂದು, ನ್ಯೂಯಾರ್ಕಿನದೇ ಬ್ರೂಕ್ಲಿನ್‌ನ ಅಟ್ಲಾಂಟಿಕ್ ಟರ್ಮಿನಲ್‌ನಲ್ಲಿ ಇನ್ನೊಂದು ಗಾಡಿ ಬಫರ್‌ಗೆ ಗುದ್ದಿತು. ನೂರಕ್ಕೂ ಹೆಚ್ಚು ಜನರಿಗೆ ಗಾಯ. ಅಲ್ಲಿಯ ಡ್ರೈವರ್‌ಗೂ ಏನೂ ನೆನಪಿಲ್ಲ, ಅವನಿಗೂ ಗೊತ್ತಿಲ್ಲದ ಅಪ್ನಿಯಾ. 2013ರ ಡಿಸೆಂಬರ್‌ನಲ್ಲಿ ಅದೇ ನ್ಯೂಯಾರ್ಕಿನಲ್ಲಿ ತಿರುವಿನಲ್ಲಿ ಗಾಡಿ ಹಳಿ ತಪ್ಪಿ ನಾಲ್ಕು ಜನ ಸತ್ತಿದ್ದರಲ್ಲ, ಅಲ್ಲೂ ಅದೇ. ಆ ಮನುಷ್ಯನಿಗೆ ಎರಡು ವಾರದ ಹಿಂದೆ ಡ್ಯೂಟಿ ಮಧ್ಯಾಹ್ನದಿಂದ ಬೆಳಗಿನ ಜಾವಕ್ಕೆ ಬದಲಾಗಿತ್ತು. ಡ್ರೈವರ್‌ಗಳಿಗೆ ಈ ಪರೀಕ್ಷೆ ಕಡ್ಡಾಯ ಮಾಡೋಣ ಅಂತ ಅಮೆರಿಕ ಸರ್ಕಾರ ಹೊರಟಿತ್ತು. ಹೊಬೊಕೆನ್ ಆಗಿ ವರ್ಷ ತುಂಬುವ ಮೊದಲೇ, 2017ರ ಆಗಸ್ಟ್‌ನಲ್ಲಿ, ಆ ಪ್ರಸ್ತಾಪ ವಾಪಸ್ ತಗೊಂಡಿತು. ನನಗೆ ಸಿಟ್ಟು ಬರುವುದು ಇಲ್ಲಿ.

ನಮ್ಮ ಕಡೆ ಗೊರಕೆ ಅಂದರೆ ತಮಾಷೆ. 'ಪುಣ್ಯವಂತ, ಎಂಥಾ ನಿದ್ದೆ' ಅಂತ ಹೊಟ್ಟೆಕಿಚ್ಚು ಪಡುತ್ತಾರೆ. ಡ್ಯೂಟಿ ಮಧ್ಯೆ ನಾವು ಮಲಗುವ ರನ್ನಿಂಗ್ ರೂಮಿನಲ್ಲಿ ನನ್ನ ಪಕ್ಕದ ಮಂಚ ಯಾರೂ ತಗೊಳ್ಳುತ್ತಿರಲಿಲ್ಲ. ಮನೆಯಲ್ಲಿ ನನ್ನ ಹೆಂಡತಿ ಒಂದು ಮಾತು ಹೇಳುತ್ತಿದ್ದಳು. 'ರೀ, ನಿಮ್ಮ ಗೊರಕೆಗೆ ನಂಗೆ ಹೆದ್ರಿಕೆ ಇಲ್ಲ. ಅದು ನಿಂತಾಗ ಹೆದ್ರಿಕೆ.' ಕತ್ತಲಲ್ಲಿ ಕೂತು ಎಣಿಸುತ್ತಿದ್ದಳಂತೆ. ಇಪ್ಪತ್ತಕ್ಕೆ ಬಂದರೆ ಭುಜ ಅಲುಗಿಸುತ್ತಿದ್ದಳು.

ಮತ್ತೆ ಡಾಕ್ಟರಿಗೆ ಯಾಕೆ ಹೇಳಲಿಲ್ಲ? ಹೇಳುತ್ತೇನೆ ಕೇಳಿ. ಗಾಡಿ ಓಡಿಸುವವನ ಮೆಡಿಕಲ್ ಎ-ಒನ್ ಇರಬೇಕು. 45ರವರೆಗೆ ನಾಲ್ಕು ವರ್ಷಕ್ಕೊಮ್ಮೆ, 55ರವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ತಪಾಸಣೆ. ಅದರಲ್ಲಿ ಫೇಲಾದರೆ ಇಂಜಿನ್‌ನಿಂದ ಇಳಿಸಿ ಬೇರೆ ಕೆಲಸಕ್ಕೆ ಹಾಕುತ್ತಾರೆ. ಕೆಲಸವೇನೋ ಇರುತ್ತದೆ, ಮೈಲೇಜ್ ಇರುವುದಿಲ್ಲ. ಗಾಡಿ ಓಡಿಸಿದ ದೂರಕ್ಕೆ ಸಿಗುವ ಭತ್ಯೆ ಅದು. ಮಗಳ ಕಾಲೇಜ್ ಫೀಸ್ ಅದರಲ್ಲೇ ನಡೆಯುತ್ತಿತ್ತು. ಡಾಕ್ಟರ್ ಕೇಳಿದರು, 'ನಿದ್ದೆ ಹೇಗಿದೆ?' ನಾನು, 'ಫಸ್ಟ್ ಕ್ಲಾಸ್ ಸಾರ್.' ಇಬ್ಬರೂ ನಕ್ಕೆವು. ಅವರು ಬರೆದುಕೊಂಡರು.

ಸ್ಟೀಮ್ ಕಾಲದಲ್ಲಿ ಈ ತೊಂದರೆ ಇರಲಿಲ್ಲ ಅಂತ ಹಿರಿಯರು ಹೇಳುತ್ತಿದ್ದರು. ನಾನು ಸೇರಿದಾಗ ಮೀಟರ್ ಗೇಜ್ ಸ್ಟೀಮ್ ಇಂಜಿನ್. ಎದುರಿಗೆ ಬೆಂಕಿ, ಪಕ್ಕದಲ್ಲಿ ಗಾಳಿ, ಕೈಯಲ್ಲಿ ಕಲ್ಲಿದ್ದಲ ಸಲಿಕೆ. ನಿದ್ದೆ ಎಲ್ಲಿಂದ ಬರಬೇಕು? ಡೀಸೆಲ್ ಬಂತು, ಕುರ್ಚಿ ಬಂತು. ಡ್ರೈವರ್ ಹೋಗಿ ಲೋಕೋ ಪೈಲಟ್ ಅನ್ನುವ ಹೆಸರು ಬಂತು. ಬೆಳಗಿನ ಜಾವ ಮೂರರಿಂದ ಐದರವರೆಗಿನ ಹೊತ್ತು ಮಾತ್ರ ಹಾಗೇ ಉಳಿಯಿತು. ನಾನಿದ್ದದ್ದು ಯಾದವಗಿರಿ. ಎಷ್ಟೋ ರಾತ್ರಿ ಎರಡು ಗಂಟೆಗೆ, ಡ್ಯೂಟಿಗೆ ಕರೆಯುವ ಕಾಲ್ ಬಾಯ್ ಸೈಕಲ್‌ನಲ್ಲಿ ಬಂದು ಬಾಗಿಲು ಬಡಿಯುತ್ತಿದ್ದ. ಪುಸ್ತಕಕ್ಕೆ ಸೈನ್ ಮಾಡಿ, ಮುಖ ತೊಳೆದು, ಲೈನ್ ಬಾಕ್ಸ್ ಕಟ್ಟಿಸಿಕೊಂಡು ಹೊರಡಬೇಕು.

ಈಗ ಮಗನಿಗೆ ಉತ್ತರ ಕೊಡದ ಕಾರಣ. 2007ರ ಡಿಸೆಂಬರ್. ಬೆಂಗಳೂರಿನಿಂದ ಮೈಸೂರಿಗೆ ರಾತ್ರಿ ಗಾಡಿ ತರುತ್ತಿದ್ದೆ. ಆಗ ಇನ್ನೂ ಸಿಂಗಲ್ ಲೈನ್. ಪಾಂಡವಪುರದಲ್ಲಿ ಎದುರು ಗಾಡಿಯ ಕ್ರಾಸಿಂಗ್ ಇತ್ತು, ನಾವು ಲೂಪ್‌ಗೆ ಹೋಗಿ ನಿಲ್ಲಬೇಕು. ಮಂಡ್ಯ ಬಿಟ್ಟು ಬ್ಯಾಡರಹಳ್ಳಿ ದಾಟಿದ್ದೆವು. ಮಂಜು. ಎಲ್ಲೋ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದರು, ಅದರ ವಾಸನೆ ಕ್ಯಾಬಿನ್ ಒಳಗೆ ಬಂತು. ಆ ವಾಸನೆ ನನಗೆ ಚೆನ್ನಾಗಿ ನೆನಪಿದೆ. ಅದರ ಮುಂದಿನ ನೆನಪು, ನನ್ನ ಎಡಭುಜದ ಮೇಲೆ ಅಸಿಸ್ಟೆಂಟ್ ಹುಡುಗನ ಕೈ. 'ಸಾರ್, ಬ್ರೇಕ್. ಸಾರ್!' ಮುಂದೆ ಸ್ಟೇಷನ್ ಒಳಗೆ ಬಿಡುವ ಹೋಮ್ ಸಿಗ್ನಲ್ ಕೆಂಪು. ಹಾಕಿದೆ. ಸಿಗ್ನಲ್‌ಗೆ ಒಂದು ಬೋಗಿಯಷ್ಟು ದೂರ ಇರುವಾಗ ನಿಂತಿತು.

ಸಿಗ್ನಲ್ ದಾಟಲಿಲ್ಲ, ಆದ್ದರಿಂದ ಬರೆದುಕೊಳ್ಳುವಂಥದ್ದು ಏನೂ ಇಲ್ಲ. ಫ್ಲಾಸ್ಕಿನಲ್ಲಿದ್ದ ಟೀ ಇಬ್ಬರೂ ಕುಡಿದೆವು. ಅವನ ಕೈ ನಡುಗುತ್ತಿತ್ತು, ನನ್ನದು ನಡುಗಲಿಲ್ಲ. ಕಣ್ಣು ಮಿಟುಕಿಸಿದ ಹಾಗಷ್ಟೇ ಅಂತ ಅಂದುಕೊಂಡಿದ್ದೆ. ಹಿಂದೆ ಬೋಗಿಗಳಲ್ಲಿ ಎಷ್ಟು ಜನ ಮಲಗಿದ್ದರೋ.

ನಿದ್ದೆ ಹಿಡಿಯುವ ಮೆಷಿನ್ ಇಲ್ಲವಾ ಅಂತ ಕೇಳುತ್ತೀರಿ. ಇದೆ. ನಮ್ಮ ಇಂಜಿನ್‌ಗಳಲ್ಲಿ ಒಂದು ವಿಜಿಲೆನ್ಸ್ ಸಾಧನ ಇರುತ್ತದೆ. ಸುಮಾರು ಒಂದು ನಿಮಿಷ ಡ್ರೈವರ್ ಏನನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತದೆ, ಆಮೇಲೆ ಸದ್ದು ಮಾಡುತ್ತದೆ, ಆಗಲೂ ಬಟನ್ ಒತ್ತದಿದ್ದರೆ ಬ್ರೇಕ್ ಹಾಕುತ್ತದೆ. ಬಯಲಿನಲ್ಲಿ ಅದು ಜೀವ ಉಳಿಸುವ ವಸ್ತು. ಆದರೆ ಹೊಬೊಕೆನ್‌ನಲ್ಲಿ ಎಲ್ಲ ಮುಗಿದದ್ದು 38 ಸೆಕೆಂಡಿನಲ್ಲಿ. ನಿಮಿಷ ಎಣಿಸುವ ಮೆಷಿನ್ ಅಲ್ಲಿ ಇನ್ನೂ ಎಣಿಸುತ್ತಲೇ ಇರುತ್ತದೆ. ವೇಗ ನೋಡಿ ತಾನೇ ನಿಲ್ಲಿಸುವ ವ್ಯವಸ್ಥೆಯನ್ನು ಅವರೂ ಹಾಕುತ್ತಿದ್ದರು, ನಮ್ಮಲ್ಲಿ ಈಗ ಕವಚ್ ಹಾಕುತ್ತಿರುವ ಹಾಗೆ. ಆದರೆ ಇಂಥ ಟರ್ಮಿನಲ್ ಒಳಗಿನ ಹಳಿಗೆ ವಿನಾಯಿತಿ ಕೊಟ್ಟುಬಿಟ್ಟಿದ್ದರು. ಹೇಗೂ ನಿಧಾನವಾಗಿ ಬರುತ್ತವಲ್ಲ ಅಂತ.

ಅಪಘಾತ ಆದಮೇಲೆ ನ್ಯೂಜೆರ್ಸಿಯವರು ಒಂದು ನಿಯಮ ತಂದರು. ಹೊಬೊಕೆನ್‌ಗೆ ಗಾಡಿ ಒಳಗೆ ಬರುವಾಗ ಡ್ರೈವರ್ ಜೊತೆ ಇನ್ನೊಬ್ಬ ಸಿಬ್ಬಂದಿ ಕ್ಯಾಬಿನ್‌ನಲ್ಲಿ ನಿಲ್ಲಬೇಕು. ಓದಿದಾಗ ನನಗೆ ನಗು ಬಂತು. ನಮ್ಮಲ್ಲಿ ಇದು ಮೊದಲಿನಿಂದ ಇದೆ. ಇಬ್ಬರೂ ಸಿಗ್ನಲ್ ನೋಡಬೇಕು, ಬಾಯಿಬಿಟ್ಟು ಕೂಗಬೇಕು. ಮುಂದಿನ ಸಿಗ್ನಲ್ ಬಗ್ಗೆ ಮೊದಲೇ ಎಚ್ಚರಿಸುವುದು ಡಿಸ್ಟೆಂಟ್ ಸಿಗ್ನಲ್; ಅದು ಹಳದಿ ಇದ್ದರೆ ಮುಂದೆ ನಿಲ್ಲಲು ಸಿದ್ಧವಾಗು ಅಂತ. ಅಸಿಸ್ಟೆಂಟ್ 'ಡಿಸ್ಟೆಂಟ್ ಯೆಲ್ಲೋ' ಅಂದರೆ ಡ್ರೈವರ್ ಕೈ ತೋರಿಸಿ 'ಯೆಲ್ಲೋ' ಅನ್ನಬೇಕು. ಹೊರಗಿನವರಿಗೆ ಮಕ್ಕಳಾಟ ಅನ್ನಿಸುತ್ತದೆ. ಇಬ್ಬರು ಯಾಕೆ, ಒಬ್ಬ ಸಾಲದಾ ಅನ್ನುವವರೂ ಇದ್ದಾರೆ. ಅಂಥವರನ್ನು ಒಂದು ಸಲ ಮಾಗಿ ತಿಂಗಳಲ್ಲಿ ಬೆಳಗಿನ ಜಾವ ಬ್ಯಾಡರಹಳ್ಳಿಯಿಂದ ಪಾಂಡವಪುರಕ್ಕೆ ಇಂಜಿನ್‌ನಲ್ಲಿ ಕರೆದುಕೊಂಡು ಹೋಗಬೇಕು.

ಹೊಬೊಕೆನ್ ಸುದ್ದಿ ನೋಡಿದ ಮೇಲೆ ನಾನೂ ಪರೀಕ್ಷೆ ಮಾಡಿಸಿಕೊಂಡೆ. ಒಂದು ರಾತ್ರಿ ತಲೆಗೆ, ಎದೆಗೆ ವೈರ್ ಅಂಟಿಸಿ ಮಲಗಿಸಿದರು. ಗಂಟೆಗೆ 41 ಸಲ. ಈಗ ರಾತ್ರಿ ಮೂಗಿಗೆ ಮಾಸ್ಕ್ ಹಾಕಿಕೊಂಡು, ಗಾಳಿ ಊದುವ ಮೆಷಿನ್ ಇಟ್ಟುಕೊಂಡು ಮಲಗುತ್ತೇನೆ. ಮೊಮ್ಮಗ 'ತಾತ ಈಗ ನಿಜವಾದ ಪೈಲಟ್' ಅನ್ನುತ್ತಾನೆ. ಹೆಂಡತಿ ಮೊದಲ ವಾರ ನಿದ್ದೆ ಮಾಡಲಿಲ್ಲ, ಸದ್ದೇ ಇಲ್ಲವಲ್ಲ ಅಂತ.

ರಿಪೋರ್ಟ್ ಬಂದ ದಿನ ಆ ಅಸಿಸ್ಟೆಂಟ್ ಹುಡುಗನಿಗೆ ಫೋನ್ ಮಾಡಿದೆ. ಈಗ ಅವನೇ ಪ್ಯಾಸೆಂಜರ್ ಗಾಡಿ ಓಡಿಸುತ್ತಾನೆ. ಪಾಂಡವಪುರ ನೆನಪಿದೆಯೇನಪ್ಪಾ ಅಂದೆ. 'ಮರೆಯೋಕಾಗುತ್ತಾ ಸಾರ್' ಅಂದ. ಒಂದು ಸಲ ಕಣ್ಣು ಮುಚ್ಚಿತು ನೋಡು, ನೀನು ಕೂಗಿದ್ದು ಕೇಳಿಸಲೇ ಇಲ್ಲ ಅಂದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ:

'ಕಣ್ಣು ಮುಚ್ಚಿರಲಿಲ್ಲ ಸಾರ್. ನಾನು ಮೂರು ಸಲ ಯೆಲ್ಲೋ ಅಂತ ಕೂಗಿದೆ. ಮೂರು ಸಲವೂ ನೀವು ಯೆಲ್ಲೋ ಅಂತ ಉತ್ತರ ಕೊಟ್ಟಿರಿ. ಕೈ ಮಾತ್ರ ಬ್ರೇಕ್ ಹತ್ತಿರ ಹೋಗಲಿಲ್ಲ.'